ರೀಬೂಟ್ ಕೊಟ್ಟ ಮೇಲೆ ಕಂಪ್ಯೂಟರ್ ಅಲ್ಲೇ ನಿಂತುಬಿಟ್ಟರೆ: ಲಿನಕ್ಸ್ ಬಳಸುವವರಿಗೆ ಒಂದು ಮಾರ್ಗದರ್ಶಿ

ಸ್ಕ್ರೀನ್ ಕಪ್ಪಾಗಿದೆ. ಎಡಗಡೆ "ರೀಬೂಟ್: ರೀಸ್ಟಾರ್ಟಿಂಗ್ ಸಿಸ್ಟಮ್" ಅಂತ ಒಂದು ಸಾಲು ಮಾತ್ರ ಕಾಣುತ್ತಿದೆ. ಫ್ಯಾನ್ ತಿರುಗುತ್ತಲೇ ಇದೆ, ಪವರ್ ದೀಪ ಉರಿಯುತ್ತಲೇ ಇದೆ. ಐದು ನಿಮಿಷ ಕಾದರೂ ಲೋಗೋ ಬರುವುದಿಲ್ಲ. ಕೊನೆಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಬೇಕು.

ನನ್ನ ಮೇಜಿನ ಮೇಲಿದ್ದ ಹಳೆಯ ಡೆಸ್ಕ್‌ಟಾಪ್ ಒಂದು ತಿಂಗಳುಗಟ್ಟಲೆ ಹೀಗೇ ಮಾಡುತ್ತಿತ್ತು. ಶಟ್‌ಡೌನ್ ಸರಿಯಾಗಿ ಆಗುತ್ತಿತ್ತು, ಬೂಟ್ ಸರಿಯಾಗಿ ಆಗುತ್ತಿತ್ತು, ರೀಬೂಟ್ ಮಾತ್ರ ಆಗುತ್ತಿರಲಿಲ್ಲ. ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಿದೆ, ಡಿಸ್ಕ್ ಬದಲಾಯಿಸಿದೆ, ರ‍್ಯಾಮ್ ಕಳಚಿ ಹಾಕಿದೆ. ಯಾವುದೂ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಸರಿಹೋಗಿದ್ದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಕೊಟ್ಟ ಒಂದೇ ಒಂದು ಪದದಿಂದ. ಆ ಪದ ಎಲ್ಲ ಕಂಪ್ಯೂಟರ್‌ಗೂ ಒಂದೇ ಆಗಿರುವುದಿಲ್ಲ. ನಿಮ್ಮ ಕಂಪ್ಯೂಟರ್‌ಗೆ ಬೇಕಾದ್ದನ್ನು ಕಂಡುಹಿಡಿಯುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ರೀಬೂಟ್ ಮಾಡುವುದು ಯಾರು?

ಕರ್ನಲ್ ತನ್ನನ್ನು ತಾನೇ ಮತ್ತೆ ಶುರು ಮಾಡಿಕೊಳ್ಳುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಅದು ಮನೆ ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ ಹೊರಡುವ ಬಾಡಿಗೆದಾರನ ಹಾಗೆ. ಬೀಗದ ಕೈ ತೆಗೆದುಕೊಳ್ಳಬೇಕಾದ್ದು ಮದರ್‌ಬೋರ್ಡ್ ಮತ್ತು ಅದರ ಫರ್ಮ್‌ವೇರ್, ಅಂದರೆ ನಾವು ರೂಢಿಯಲ್ಲಿ ಬಯಾಸ್ ಅನ್ನುವುದು.

ನೀವು "ಸಿಸ್ಟಮ್‌ಸಿಟಿಎಲ್ ರೀಬೂಟ್" ಅಂದಾಗ ಮೊದಲು ಸಿಸ್ಟಮ್‌ಡಿ ಅನ್ನುವ ಮೇಲ್ವಿಚಾರಕ ಪ್ರೋಗ್ರಾಂ ಎಲ್ಲ ಸರ್ವಿಸ್‌ಗಳನ್ನು, ಅಂದರೆ ಹಿಂದೆ ಸದ್ದಿಲ್ಲದೆ ಓಡುವ ಪ್ರೋಗ್ರಾಂಗಳನ್ನು, ನಿಲ್ಲಿಸುತ್ತದೆ. ಫೈಲ್‌ಸಿಸ್ಟಮ್‌ಗಳನ್ನು ಅನ್‌ಮೌಂಟ್ ಮಾಡುತ್ತದೆ. ಆಮೇಲೆ ಕರ್ನಲ್‌ನ ರೀಬೂಟ್ ಸಿಸ್ಟಮ್ ಕಾಲ್ ಕರೆಯುತ್ತದೆ. ತಪ್ಪಿ ಯಾರೂ ಕರೆಯಬಾರದು ಅಂತ ಈ ಕಾಲ್‌ಗೆ ಮೊದಲೇ ಗೊತ್ತುಮಾಡಿದ ಎರಡು ಸಂಖ್ಯೆ ಕೊಡಲೇಬೇಕು. ಎರಡನೆಯದು 672274793. ಇದನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, ಬರೆದರೆ 28121969 ಆಗುತ್ತದೆ: 1969ರ ಡಿಸೆಂಬರ್ 28, ಲಿನಕ್ಸ್ ಶುರು ಮಾಡಿದ ಲೀನಸ್ ಟೊರ್ವಾಲ್ಡ್ಸ್ ಹುಟ್ಟಿದ ದಿನ. ನಾವು ಪ್ರತಿ ಸಲ ರೀಬೂಟ್ ಮಾಡುವಾಗಲೂ ಇಂಥದ್ದೊಂದು ಸಂಖ್ಯೆ ಒಳಗೆ ಹೋಗುತ್ತಿರುತ್ತದೆ ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಆ ಕಾಲ್ ಬಂದ ಮೇಲೆ ಕರ್ನಲ್ ಎಲ್ಲ ಡ್ರೈವರ್‌ಗಳಿಗೂ "ನಿಮ್ಮ ನಿಮ್ಮ ಹಾರ್ಡ್‌ವೇರ್ ಶಾಂತ ಮಾಡಿ" ಅಂತ ಹೇಳುತ್ತದೆ. ಎಲ್ಲ ಕೆಲಸವನ್ನೂ ಒಂದೇ ಸಿಪಿಯುಗೆ ತಂದುಕೊಳ್ಳುತ್ತದೆ. ಆಗ "ರೀಸ್ಟಾರ್ಟಿಂಗ್ ಸಿಸ್ಟಮ್" ಸಾಲು ಬರುತ್ತದೆ. ಉಳಿದ ಸಿಪಿಯುಗಳನ್ನು ನಿಲ್ಲಿಸುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಉಳಿಯುವುದು ಒಂದೇ ಕೆಲಸ: ಯಾವುದಾದರೂ ಒಂದು ದಾರಿಯಿಂದ ರೀಸೆಟ್ ಆಗುವಂತೆ ಮದರ್‌ಬೋರ್ಡನ್ನು ಕೇಳುವುದು.

ಹಂತ 1: ಯಾರ ಕೈಯಲ್ಲಿ ನಿಂತಿದೆ ಅಂತ ನೋಡಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ನಾನು ಕಳೆದುಕೊಂಡ ಸಮಯವೆಲ್ಲ ಹೋಗಿದ್ದು ಈ ಹಂತ ಮಾಡದೆ ಇದ್ದದ್ದರಿಂದ.

ಲಿನಕ್ಸ್ ಬೂಟ್ ಆಗುವ ಮೊದಲು ಬರುವ ಗ್ರಬ್ ಮೆನುವಿನಲ್ಲಿ "ಇ" ಕೀ ಒತ್ತಿ. "ಲಿನಕ್ಸ್" ಅಂತ ಶುರುವಾಗುವ ಸಾಲಿನಲ್ಲಿ "ಕ್ವೈಟ್" ಮತ್ತು "ಸ್ಪ್ಲ್ಯಾಶ್" ಅನ್ನುವ ಪದಗಳಿದ್ದರೆ ಅಳಿಸಿ, ಎಫ್10 ಒತ್ತಿ ಬೂಟ್ ಮಾಡಿ. ಈಗ ರೀಬೂಟ್ ಕೊಟ್ಟರೆ ಚಿತ್ರದ ಬದಲು ಸಾಲುಸಾಲಾಗಿ ಮೆಸೇಜ್ ಬರುತ್ತವೆ. ನಿಂತಾಗ ಕೊನೆಯ ಸಾಲನ್ನು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

"ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್" ಅಂತ ಬಂದು ಸೆಕೆಂಡ್ ಎಣಿಸುತ್ತಿದ್ದರೆ ಫರ್ಮ್‌ವೇರ್‌ನ ತಪ್ಪಿಲ್ಲ. ಯಾವುದೋ ಸರ್ವಿಸ್ ನಿಲ್ಲಲು ಒಪ್ಪುತ್ತಿಲ್ಲ. ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡ್ ಕಾದು ಅದನ್ನು ಬಲವಂತವಾಗಿ ನಿಲ್ಲಿಸುತ್ತದೆ. ಹೆಸರು ಅಲ್ಲೇ ಬರೆದಿರುತ್ತದೆ, ಆ ಸರ್ವಿಸನ್ನೇ ಸರಿಮಾಡಿ. ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗುವುದಿಲ್ಲ.

ಸರ್ವಿಸ್‌ಗಳೆಲ್ಲ ನಿಂತಿವೆ, ಆದರೆ "ರೀಸ್ಟಾರ್ಟಿಂಗ್ ಸಿಸ್ಟಮ್" ಇನ್ನೂ ಬಂದಿಲ್ಲ ಅಂದರೆ ಯಾವುದೋ ಡ್ರೈವರ್ ಹಿಡಿದುಕೊಂಡಿದೆ. ಆ ಸಾಲು ಬಂದು, ಕೆಳಗೆ "ಮೆಷಿನ್ ರೀಸ್ಟಾರ್ಟ್" ಅಂತಲೂ ಬಂದು, ಆಮೇಲೆ ಗರ ಬಡಿದ ಹಾಗೆ ನಿಂತಿದ್ದರೆ ಸಮಸ್ಯೆ ಬೀಗದ ಕೈ ಒಪ್ಪಿಸುವ ಜಾಗದಲ್ಲಿದೆ. ಲೋಗೋ ಬಂದ ಮೇಲೆ ನಿಂತರೆ ರೀಸೆಟ್ ಆಗಿದೆ ಅಂತ ಅರ್ಥ. ಆಗ ಸಿಕ್ಕಿಬಿದ್ದಿರುವುದು ಫರ್ಮ್‌ವೇರ್ ಕೈಯಲ್ಲಿ.

ಅನುಮಾನ ಉಳಿದರೆ ಇನ್ನೊಂದು ಪರೀಕ್ಷೆ ಇದೆ. ಎಲ್ಲ ಕೆಲಸ ಸೇವ್ ಮಾಡಿ. ಆಲ್ಟ್ ಮತ್ತು ಸಿಸ್‌ರಿಕ್ ಎರಡನ್ನೂ ಹಿಡಿದುಕೊಂಡು ಎಸ್, ಯು, ಬಿ ಕೀಗಳನ್ನು ಒಂದೊಂದಾಗಿ, ನಡುವೆ ಎರಡು ಮೂರು ಸೆಕೆಂಡ್ ಬಿಟ್ಟು ಒತ್ತಿ. ಸಿಸ್‌ರಿಕ್ ಅಂದರೆ ಸಾಮಾನ್ಯವಾಗಿ ಪ್ರಿಂಟ್ ಸ್ಕ್ರೀನ್ ಕೀ. ಎಸ್ ಅಂದರೆ ಬಾಕಿ ಬರೆಯುವುದನ್ನು ಡಿಸ್ಕ್‌ಗೆ ಬರೆ, ಯು ಅಂದರೆ ಡಿಸ್ಕ್‌ಗಳನ್ನು ಓದಲು ಮಾತ್ರ ಬಿಡು, ಬಿ ಅಂದರೆ ಈಗಲೇ ರೀಬೂಟ್ ಮಾಡು. ಉಬುಂಟುವಿನಲ್ಲಿ ಈ ಮೂರೂ ಮೊದಲಿನಿಂದಲೇ ಕೆಲಸ ಮಾಡುತ್ತವೆ. ಬಿ ಕೀ ಡ್ರೈವರ್‌ಗಳನ್ನು ಕೇಳುವ ಗೋಜಿಗೇ ಹೋಗುವುದಿಲ್ಲ, ನೇರವಾಗಿ ಕೊನೆಯ ರೀಸೆಟ್ ಹೆಜ್ಜೆಗೆ ಹೋಗುತ್ತದೆ. ಹೀಗೆ ಮಾಡಿದಾಗ ಸಲೀಸಾಗಿ ರೀಬೂಟ್ ಆದರೆ ನಿಮ್ಮ ತೊಂದರೆ ಡ್ರೈವರ್ ಅಥವಾ ಸರ್ವಿಸ್‌ನಲ್ಲಿದೆ. ಹೀಗೂ ನಿಂತುಬಿಟ್ಟರೆ ರೀಸೆಟ್ ದಾರಿಯೇ ಸರಿಯಿಲ್ಲ. ಮುಂದೆ ಓದಿ.

ಹಂತ 2: ಕರ್ನಲ್ ಯಾವ ದಾರಿ ಹಿಡಿಯುತ್ತಿದೆ?

"ಕ್ಯಾಟ್ /ಸಿಸ್/ಕರ್ನಲ್/ರೀಬೂಟ್/ಟೈಪ್" ಅಂತ ಕೊಡಿ. ಕರ್ನಲ್ 5.11ರಿಂದ ಈ ಫೈಲ್ ಇದೆ. ಇಂಟೆಲ್ ಅಥವಾ ಎಎಂಡಿ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ "ಎಸಿಪಿಐ" ಅನ್ನುವ ಉತ್ತರ ಬರುತ್ತದೆ. ಹಾಗಂದರೇನು ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1984ರಲ್ಲಿ ಐಬಿಎಂ ಪಿಸಿ ಎಟಿ ಬಂತು. ಅದರಲ್ಲಿದ್ದ 286 ಪ್ರೊಸೆಸರ್ ಪ್ರೊಟೆಕ್ಟೆಡ್ ಮೋಡ್ ಅನ್ನುವ ಸ್ಥಿತಿಗೆ ಒಮ್ಮೆ ಹೋದರೆ ರೀಸೆಟ್ ಮಾಡದೆ ವಾಪಸ್ ಬರುತ್ತಿರಲಿಲ್ಲ. ರೀಸೆಟ್ ಮಾಡಲು ಯಾವುದಾದರೂ ತಂತಿ ಬೇಕಿತ್ತು. ಕೀಬೋರ್ಡ್ ನೋಡಿಕೊಳ್ಳುವ ಚಿಪ್‌ನಲ್ಲಿ ಒಂದು ಪಿನ್ ಖಾಲಿ ಇತ್ತು, ಅದನ್ನೇ ಬಳಸಿಕೊಂಡರು. ಪೋರ್ಟ್ 64ಕ್ಕೆ ಎಫ್‌ಇ ಅನ್ನುವ ಬೆಲೆ (ಇಲ್ಲಿಂದ ಮುಂದೆ ಪೋರ್ಟ್ ಸಂಖ್ಯೆ, ಬೆಲೆ ಎಲ್ಲ ಹೆಕ್ಸ್‌ನಲ್ಲೇ) ಬರೆದರೆ ಕೀಬೋರ್ಡ್ ಚಿಪ್ ಪ್ರೊಸೆಸರನ್ನು ರೀಸೆಟ್ ಮಾಡುತ್ತದೆ. ನಲವತ್ತು ವರ್ಷ ದಾಟಿದರೂ ಲಿನಕ್ಸ್ ಈ ದಾರಿಯನ್ನು ಬಿಟ್ಟಿಲ್ಲ. ಪಿಎಸ್2 ಕೀಬೋರ್ಡ್ ಸಾಕೆಟ್ಟೇ ಇಲ್ಲದ ಲ್ಯಾಪ್‌ಟಾಪ್‌ನಲ್ಲೂ ಆ ಪೋರ್ಟ್‌ಗೆ ಬರೆದರೆ ಉತ್ತರ ಕೊಡುವವರು ಯಾರೋ ಒಳಗಿರುತ್ತಾರೆ.

ಎಸಿಪಿಐ ಅಂದರೆ ಫರ್ಮ್‌ವೇರ್ ಮತ್ತು ಕರ್ನಲ್ ನಡುವಿನ ಒಂದು ಒಪ್ಪಂದ. 2000ದಲ್ಲಿ ಬಂದ ಅದರ 2.0 ಆವೃತ್ತಿ ಸ್ವಲ್ಪ ಒಪ್ಪವಾದ ದಾರಿ ಕೊಟ್ಟಿತು. ಫರ್ಮ್‌ವೇರ್ ತನ್ನ ಒಂದು ಟೇಬಲ್‌ನಲ್ಲಿ "ಈ ವಿಳಾಸಕ್ಕೆ ಈ ಬೆಲೆ ಬರೆದರೆ ನಾನು ರೀಸೆಟ್ ಆಗುತ್ತೇನೆ" ಅಂತ ಬರೆದಿಡುತ್ತದೆ. ಕರ್ನಲ್ ಅದನ್ನು ಓದಿ ಹಾಗೇ ಮಾಡುತ್ತದೆ. ಇದಲ್ಲದೆ ಯುಇಎಫ್‌ಐ ಅನ್ನುವ ಹೊಸ ಬಗೆಯ ಫರ್ಮ್‌ವೇರ್‌ನಲ್ಲಿ ರೀಸೆಟ್‌ಗೆಂದೇ ಒಂದು ಫಂಕ್ಷನ್ ಇದೆ, ಇದು ಇಎಫ್‌ಐ ದಾರಿ. ಚಿಪ್‌ಸೆಟ್‌ನಲ್ಲಿ ಸಿಎಫ್9 ಅನ್ನುವ ಪೋರ್ಟ್ ಇದೆ, ಲಿನಕ್ಸ್ ಈ ದಾರಿಯನ್ನು ಪಿಸಿಐ ಅನ್ನುತ್ತದೆ. ಏನೂ ಸಿಗದಿದ್ದರೆ ಟ್ರಿಪಲ್ ಫಾಲ್ಟ್: ಇಂಟರಪ್ಟ್ ಟೇಬಲನ್ನೇ ಕೆಡಿಸಿ, ಪ್ರೊಸೆಸರ್‌ಗೆ ಬೇರೆ ದಾರಿಯೇ ಇಲ್ಲದ ಹಾಗೆ ಮಾಡಿ ರೀಸೆಟ್ ಆಗಿಸುವುದು.

ಲಿನಕ್ಸ್ ಈಗ ಮೊದಲು ಎಸಿಪಿಐ, ಆಮೇಲೆ ಕೀಬೋರ್ಡ್, ಮತ್ತೆ ಎಸಿಪಿಐ, ಮತ್ತೆ ಕೀಬೋರ್ಡ್, ಅದೂ ಆಗದಿದ್ದರೆ ಇಎಫ್‌ಐ ಹೀಗೆ ಹೋಗುತ್ತದೆ. ಒಂದೊಂದನ್ನು ಎರಡೆರಡು ಸಲ ಯಾಕೆ? ವಿಂಡೋಸ್ ಹಾಗೆ ಮಾಡುತ್ತದೆ, ಅದಕ್ಕೆ. ಮದರ್‌ಬೋರ್ಡ್ ಮಾಡುವವರು ಬಹುಪಾಲು ಪರೀಕ್ಷೆ ಮಾಡುವುದು ವಿಂಡೋಸ್ ಹಾಕಿ. ಅದು ತುಳಿಯುವ ದಾರಿ ಮಾತ್ರ ಚೆನ್ನಾಗಿ ಸವೆದಿರುತ್ತದೆ, ಉಳಿದ ದಾರಿಯಲ್ಲಿ ಯಾವ ಹೊಂಡ ಇದೆಯೋ ಯಾರೂ ನೋಡಿರುವುದಿಲ್ಲ. 2011ರಲ್ಲಿ ಮ್ಯಾಥ್ಯೂ ಗ್ಯಾರೆಟ್ ಅನ್ನುವ ಡೆವಲಪರ್ ಲಿನಕ್ಸ್‌ನ ಕ್ರಮವನ್ನು ವಿಂಡೋಸ್‌ನ ಕ್ರಮಕ್ಕೆ ಹೊಂದುವ ಹಾಗೆ ಬದಲಿಸಿದರು. ಅಲ್ಲಿಯವರೆಗೆ ಹಟ ಮಾಡುತ್ತಿದ್ದ ಎಷ್ಟೋ ಕಂಪ್ಯೂಟರ್‌ಗಳಿಗೆ ಅದೇ ಮದ್ದು.

ಇಷ್ಟೆಲ್ಲ ದಾರಿ ಇದ್ದರೂ ಕಂಪ್ಯೂಟರ್ ಯಾಕೆ ನಿಂತುಬಿಡುತ್ತದೆ? ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಒಂದು ದಾರಿ ಸುಮ್ನೆ ಕೆಲಸ ಮಾಡದಿದ್ದರೆ ತೊಂದರೆ ಇಲ್ಲ, ಕರ್ನಲ್ ಮುಂದಿನದಕ್ಕೆ ಹೋಗುತ್ತದೆ. ತೊಂದರೆ ಕೊಡುವುದು ಅರ್ಧ ಕೆಲಸ ಮಾಡುವ ದಾರಿ. ಬರೆದ ಬೆಲೆಯನ್ನು ಫರ್ಮ್‌ವೇರ್‌ನ ಒಳಗಿನ ಕೋಡ್ ಹಿಡಿದುಕೊಂಡು ಅಲ್ಲೇ ಸುತ್ತುತ್ತಿರಬಹುದು. ಅಥವಾ ಪ್ರೊಸೆಸರ್ ರೀಸೆಟ್ ಆಗಿ, ಪಕ್ಕದ ಯಾವುದೋ ಚಿಪ್ ಹಳೆಯ ಸ್ಥಿತಿಯಲ್ಲೇ ಉಳಿದಿರಬಹುದು. ಆಗ ಕರ್ನಲ್ ಜೀವಂತ ಇರುವುದಿಲ್ಲ, ಫರ್ಮ್‌ವೇರ್ ಇನ್ನೂ ಎದ್ದಿರುವುದಿಲ್ಲ. ಮುಂದಿನ ದಾರಿ ಹಿಡಿಯಲು ಯಾರೂ ಇರುವುದಿಲ್ಲ. ಹಾಗಾಗಿ ಯಾವ ದಾರಿ ಮೊದಲು ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ.

ಹಂತ 3: ನಿಮ್ಮ ಫರ್ಮ್‌ವೇರ್ ಏನು ಹೇಳಿದೆ ಅಂತ ಓದಿ

ಇದು ಕಡ್ಡಾಯ ಅಲ್ಲ. ಆದರೂ ಒಮ್ಮೆ ಮಾಡಿ ನೋಡಿ, ಹತ್ತೇ ನಿಮಿಷ ಸಾಕು.

"ಎಸಿಪಿಐಸಿಎ-ಟೂಲ್ಸ್" ಪ್ಯಾಕೇಜ್ ಹಾಕಿಕೊಳ್ಳಿ. "ಸುಡೊ ಎಸಿಪಿಐಡಂಪ್ -ಎನ್ ಎಫ್‌ಎಸಿಪಿ -ಬಿ" ಅಂತ ಕೊಡಿ. ಇದರಲ್ಲಿ ಎಫ್‌ಎಸಿಪಿ ಮಾತ್ರ ದೊಡ್ಡ ಅಕ್ಷರ, ಮೇಲೆ ಹೇಳಿದ ಎಸಿಪಿಐ ಟೇಬಲ್‌ನ ಹೆಸರು ಅದು. ಒಂದು ಡ್ಯಾಟ್ ಫೈಲ್ ಸಿಗುತ್ತದೆ. ಅದಕ್ಕೆ "ಐಎಎಸ್‌ಎಲ್ -ಡಿ" ಕೊಟ್ಟರೆ ಓದಲು ಬರುವ ಫೈಲ್ ಆಗುತ್ತದೆ. ತೆರೆದು "ರೀಸೆಟ್ ರಿಜಿಸ್ಟರ್" ಅಂತ ಹುಡುಕಿ.

ಬಹಳ ಕಂಪ್ಯೂಟರ್‌ಗಳಲ್ಲಿ ಅಲ್ಲಿ ವಿಳಾಸ ಸಿಎಫ್9 ಅಂತಲೂ, ಸ್ವಲ್ಪ ಕೆಳಗೆ "ವ್ಯಾಲ್ಯೂ ಟು ಕಾಸ್ ರೀಸೆಟ್: 06" ಅಂತಲೂ ಇರುತ್ತದೆ. ನನ್ನ ಡೆಸ್ಕ್‌ಟಾಪ್‌ನಲ್ಲೂ ಹಾಗೇ ಇತ್ತು. ಈ 06 ಮೇಲೆ ಕಣ್ಣಿಡಿ. 06 ಬರೆದರೆ ರೀಸೆಟ್ ಆಗುತ್ತದೆ, ಆದರೆ ಬೋರ್ಡಿನ ವಿದ್ಯುತ್ ಕಡಿಯುವುದಿಲ್ಲ. ಅದೇ ಪೋರ್ಟ್‌ಗೆ 0ಇ ಬರೆದರೆ ಕೆಲವು ಸೆಕೆಂಡ್ ವಿದ್ಯುತ್ ಪೂರ್ತಿ ಹೋಗಿ ಮತ್ತೆ ಬರುತ್ತದೆ. ಫ್ಯಾನ್ ನಿಂತು ಮತ್ತೆ ಶುರುವಾಗುವುದು ಕಿವಿಗೇ ಕೇಳುತ್ತದೆ. ಎಸಿಪಿಐ ದಾರಿಯಲ್ಲಿ ಕರ್ನಲ್ ಟೇಬಲ್ ಹೇಳಿದ 06 ಬರೆಯುತ್ತದೆ. ಪಿಸಿಐ ದಾರಿ ಹಿಡಿಸಿದರೆ ಅದೇ ಪೋರ್ಟ್‌ಗೆ ಬರೆಯುತ್ತದೆ, ಆದರೆ ಕೋಲ್ಡ್ ಮೋಡ್‌ನಲ್ಲಿದ್ದರೆ (ಅಂದರೆ ಪೂರ್ತಿ ಆರಿಸಿ ಏಳಿಸುವ ರೀತಿಯಲ್ಲಿದ್ದರೆ) 0ಇ ಬರೆಯುತ್ತದೆ. ಬಾಗಿಲು ಒಂದೇ, ತಟ್ಟುವ ಜೋರು ಬೇರೆ.

ಹಂತ 4: ಒಂದೊಂದೇ ದಾರಿ ಪರೀಕ್ಷಿಸಿ

ಮೊದಲು ತೆರೆದಿರುವುದನ್ನೆಲ್ಲ ಸೇವ್ ಮಾಡಿ, ಬ್ಯಾಕಪ್ ಇದೆಯಾ ಅಂತ ನೋಡಿಕೊಳ್ಳಿ. ಆಮೇಲೆ ಹೀಗೆ ಕೊಡಿ:

ಎಕೋ ಇಎಫ್‌ಐ | ಸುಡೊ ಟೀ /ಸಿಸ್/ಕರ್ನಲ್/ರೀಬೂಟ್/ಟೈಪ್

ಈಗ ಮಾಮೂಲಿಯಾಗಿ ರೀಬೂಟ್ ಮಾಡಿ. ಈ ವಿಧಾನದ ಒಳ್ಳೆಯ ಗುಣ ಅಂದರೆ ಬದಲಾವಣೆ ಈ ಒಂದು ರೀಬೂಟ್‌ಗೆ ಮಾತ್ರ. ನಿಂತುಹೋದರೆ ಪವರ್ ಬಟನ್ ನಾಲ್ಕು ಸೆಕೆಂಡ್‌ಗಿಂತ ಜಾಸ್ತಿ ಒತ್ತಿ ಹಿಡಿಯಿರಿ, ಮತ್ತೆ ಆನ್ ಮಾಡಿ. ಎಲ್ಲ ಹಳೆಯದರ ಹಾಗೇ ಇರುತ್ತದೆ.

ಇಎಫ್‌ಐ ಆಗಲಿಲ್ಲ ಅಂದರೆ ಪಿಸಿಐ ಹಾಕಿ ನೋಡಿ, ಆಮೇಲೆ ಕೆಬಿಡಿ, ಅಂದರೆ ಕೀಬೋರ್ಡ್ ದಾರಿ. ಟ್ರಿಪಲ್ ಕೊನೆಗೆ. ಇಎಫ್‌ಐಯನ್ನು ಮೊದಲು ಇಟ್ಟಿದ್ದಕ್ಕೆ ಕಾರಣ ಇದೆ: ಅದು ಫರ್ಮ್‌ವೇರ್‌ನ ಸ್ವಂತ ಬಾಗಿಲು, ತನ್ನ ಬೋರ್ಡ್‌ಗೆ ಏನು ಬೇಕು ಅಂತ ಅದಕ್ಕೆ ಗೊತ್ತಿರಬೇಕು. ಹಳೆಯ ಬಯಾಸ್ ಮೋಡ್‌ನಲ್ಲಿ ಬೂಟ್ ಆಗಿರುವ ಕಂಪ್ಯೂಟರ್‌ನಲ್ಲಿ ಇದು ಸಿಗುವುದಿಲ್ಲ, ನೇರವಾಗಿ ಪಿಸಿಐಗೆ ಹೋಗಿ. ಪಿಸಿಐ ಅಂತ ಬಲವಂತ ಮಾಡಿದಾಗ ಆ ಪೋರ್ಟ್ ನಿಜವಾಗಿ ಇದೆಯಾ ಅಂತ ಕರ್ನಲ್ ಪರೀಕ್ಷಿಸದೆ ಬರೆಯುತ್ತದೆ. ಹಂತ 3ರಲ್ಲಿ ನಿಮ್ಮ ಟೇಬಲ್‌ನಲ್ಲೇ ಸಿಎಫ್9 ಕಂಡಿದ್ದರೆ ಧೈರ್ಯವಾಗಿ ಮಾಡಬಹುದು.

ಒಂದು ಸಲ ರೀಬೂಟ್ ಆಯಿತು ಅಂತ ಖುಷಿಪಡಬೇಡಿ. ಈ ತೊಂದರೆ ಒಮ್ಮೊಮ್ಮೆ ಮಾತ್ರ ಬರುವ ಕಂಪ್ಯೂಟರ್‌ಗಳೂ ಇವೆ. ಒಂದು ದಾರಿ ಸರಿ ಅನಿಸಿದರೆ ಅದರಲ್ಲೇ ಹತ್ತು ಸಲ ಮಾಡಿ. ಆನ್ ಮಾಡಿದ ತಕ್ಷಣ ಒಮ್ಮೆ, ಒಂದೆರಡು ಗಂಟೆ ಕೆಲಸ ಮಾಡಿದ ಮೇಲೆ ಒಮ್ಮೆ, ಲ್ಯಾಪ್‌ಟಾಪ್ ಆದರೆ ಸಸ್ಪೆಂಡ್ ಆಗಿ ಎದ್ದ ಮೇಲೂ ಒಮ್ಮೆ. ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಂಡೆ. ಕೆಬಿಡಿ ಹತ್ತರಲ್ಲಿ ಏಳು ಸಲ ಸರಿಯಾಯಿತು. ಪಿಸಿಐ ಹತ್ತಕ್ಕೆ ಹತ್ತು.

ರೀಬೂಟ್ ಆಗುತ್ತದೆ, ಆದರೆ ಆಮೇಲೆ ವೈಫೈ ಕಾಣುವುದಿಲ್ಲ, ಪೂರ್ತಿ ಆರಿಸಿ ಆನ್ ಮಾಡಿದರೆ ಮಾತ್ರ ಬರುತ್ತದೆ ಅನ್ನುವವರೂ ಇದ್ದಾರೆ. ಅದು ಇದೇ ಕಾಯಿಲೆಯ ಇನ್ನೊಂದು ರೂಪ. ರೀಸೆಟ್ ಆ ಕಾರ್ಡ್‌ವರೆಗೆ ತಲುಪುತ್ತಿಲ್ಲ. ಅಲ್ಲಿಯೂ ವಿದ್ಯುತ್ ಕಡಿಯುವ ಪಿಸಿಐ ದಾರಿ ನೋಡಬಹುದು. "ಟೈಪ್" ಪಕ್ಕದಲ್ಲೇ "ಮೋಡ್" ಅನ್ನುವ ಫೈಲ್ ಇದೆ, ಅದರಲ್ಲಿ "ಕೋಲ್ಡ್" ಅಂತ ಇರಬೇಕು.

ಹಂತ 5: ಕಾಯಂ ಮಾಡಿ

"/ಈಟಿಸಿ/ಡೀಫಾಲ್ಟ್/ಗ್ರಬ್" ಫೈಲ್ ತೆರೆದು, ಕರ್ನಲ್ ಆಯ್ಕೆಗಳ ಸಾಲಿನಲ್ಲಿ "ರೀಬೂಟ್=ಪಿಸಿಐ" ಅಂತ, ಅಥವಾ ನಿಮಗೆ ಸರಿಹೋದ ಪದ ಹಾಕಿ ಸೇರಿಸಿ. ಉಬುಂಟು, ಡೆಬಿಯನ್‌ನಲ್ಲಿ "ಸುಡೊ ಅಪ್‌ಡೇಟ್-ಗ್ರಬ್" ಕೊಡಿ. ಮುಂದಿನ ಬೂಟ್ ಆದ ಮೇಲೆ "ಕ್ಯಾಟ್ /ಪ್ರಾಕ್/ಸಿಎಂಡಿಲೈನ್" ಅಂತ ನೋಡಿ, ನಿಮ್ಮ ಪದ ಅಲ್ಲಿರಬೇಕು.

ನಿಂತಿದ್ದು ಲೋಗೋ ಬಂದ ಮೇಲಾದರೆ

ಆಗ ಬಯಾಸ್ ಅಪ್‌ಡೇಟ್ ನೋಡಿ. ಎಫ್‌ಡಬ್ಲ್ಯುಯುಪಿಡಿ ಅನ್ನುವ ಟೂಲ್ ಬಹಳ ಲ್ಯಾಪ್‌ಟಾಪ್‌ಗಳಿಗೆ ಲಿನಕ್ಸ್‌ನಿಂದಲೇ ಅಪ್‌ಡೇಟ್ ಹಾಕುತ್ತದೆ. ಇದೂ ರೀಬೂಟ್‌ನ ಮೇಲೆ ನಿಂತಿರುವ ಕೆಲಸವೇ: ಹೊಸ ಫರ್ಮ್‌ವೇರನ್ನು ಒಂದು ಕ್ಯಾಪ್ಸೂಲ್ ಆಗಿ ಕಟ್ಟಿಟ್ಟು, ಮುಂದಿನ ಬೂಟ್‌ನಲ್ಲಿ ಹಳೆಯ ಫರ್ಮ್‌ವೇರ್ ಅದನ್ನು ಎತ್ತಿಕೊಳ್ಳುವಂತೆ ಮಾಡುವುದು. ಕರ್ನಲ್ ಮೂಲಕ ಕೊಟ್ಟ ಕ್ಯಾಪ್ಸೂಲ್ ಮೆಮೊರಿಯಲ್ಲಿ ಕಾಯುತ್ತಿದ್ದರೆ, ನೀವು ಬೇರೆ ಯಾವ ದಾರಿ ಬರೆದಿದ್ದರೂ ಕರ್ನಲ್ ಆ ಒಂದು ಸಲ ಇಎಫ್‌ಐ ದಾರಿಯನ್ನೇ ಹಿಡಿಯುತ್ತದೆ. ವಿದ್ಯುತ್ ಕಡಿದರೆ ಮೆಮೊರಿಯಲ್ಲಿದ್ದ ಕ್ಯಾಪ್ಸೂಲ್ ಅಳಿಸಿಹೋಗುತ್ತದೆ ಅಲ್ವಾ, ಅದಕ್ಕೆ. ಬಯಾಸ್ ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದೇ ಇರಬಹುದು. ಯುಪಿಎಸ್ ಇಲ್ಲದೆ, ಲ್ಯಾಪ್‌ಟಾಪ್ ಆದರೆ ಚಾರ್ಜ್ ತುಂಬಿಲ್ಲದೆ ಇದಕ್ಕೆ ಕೈಹಾಕಲೇಬೇಡಿ.

ಬಯಾಸ್ ಸೆಟಪ್‌ಗೆ ಹೋಗಲು ಎಫ್2, ಡಿಲೀಟ್ ಅಂತ ಕೀ ಕುಟ್ಟುತ್ತಾ ಕೂರಬೇಕಿಲ್ಲ. "ಸಿಸ್ಟಮ್‌ಸಿಟಿಎಲ್ ರೀಬೂಟ್ --ಫರ್ಮ್‌ವೇರ್-ಸೆಟಪ್" ಕೊಡಿ. ಯುಇಎಫ್‌ಐ ಫರ್ಮ್‌ವೇರ್‌ಗೆ ಒಂದು ಚೀಟಿ ಬರೆದಿಟ್ಟ ಹಾಗೆ ಇದು. ಅದು ಎದ್ದು ಚೀಟಿ ನೋಡಿ ನೇರವಾಗಿ ಸೆಟಪ್ ತೋರಿಸುತ್ತದೆ.

ದೂರದಲ್ಲಿರುವ ಸರ್ವರ್ ಆದರೆ

ಎದುರಿಗಿದ್ದರೆ ಬಟನ್ ಒತ್ತಬಹುದು. ಇನ್ನೊಂದು ಊರಿನಲ್ಲಿದ್ದರೆ ಯಾರನ್ನಾದರೂ ಓಡಿಸಬೇಕು. ಹಾಗಾಗಿ ಮೊದಲೇ ಎರಡು ಏರ್ಪಾಡು ಮಾಡಿಕೊಳ್ಳಿ.

ಒಂದು, ವಾಚ್‌ಡಾಗ್. ಇದು ಹಾರ್ಡ್‌ವೇರ್‌ನಲ್ಲಿರುವ ಒಂದು ಗಡಿಯಾರ. ಹೇಳಿದ ಸಮಯದೊಳಗೆ ಯಾರೂ ಮುಟ್ಟದಿದ್ದರೆ ಅದೇ ರೀಸೆಟ್ ಮಾಡುತ್ತದೆ. ಸಿಸ್ಟಮ್‌ಡಿಯ "ರೀಬೂಟ್‌ವಾಚ್‌ಡಾಗ್‌ಸೆಕ್" (ಇದರಲ್ಲಿ ಆರ್, ಡಬ್ಲ್ಯು, ಎಸ್ ದೊಡ್ಡ ಅಕ್ಷರ) ಆಯ್ಕೆ ರೀಬೂಟ್ ಸಮಯಕ್ಕೆಂದೇ ಇರುವುದು, ಮೊದಲಿನಿಂದ ಅದರ ಬೆಲೆ 10 ನಿಮಿಷ. ಆದರೆ ಕೆಲವು ಡ್ರೈವರ್‌ಗಳು ರೀಬೂಟ್ ಶುರುವಾದ ತಕ್ಷಣ ಗಡಿಯಾರ ನಿಲ್ಲಿಸಿಬಿಡುತ್ತವೆ. ಸರ್ವರ್ ನಿಮ್ಮ ಕಣ್ಣೆದುರು ಇರುವಾಗಲೇ ಪರೀಕ್ಷೆ ಮಾಡಿ ಕಳಿಸಿ. ಅಂದ ಹಾಗೆ ರಾಸ್ಪ್‌ಬೆರಿ ಪೈನಲ್ಲಿ ರೀಬೂಟ್ ಮಾಡುವುದೇ ಈ ಗಡಿಯಾರ. ಕರ್ನಲ್ ಅದಕ್ಕೆ ತೀರಾ ಸಣ್ಣ ಸಮಯ ಕೊಟ್ಟು ಸುಮ್ಮನೆ ಕಾಯುತ್ತದೆ.

ಎರಡು, ಕೆಎಕ್ಸೆಕ್. ಇದು ಹೊಸ ಕರ್ನಲನ್ನು ಮೆಮೊರಿಗೆ ತಂದು ಫರ್ಮ್‌ವೇರ್ ಕಡೆ ತಿರುಗಿಯೂ ನೋಡದೆ ಅದಕ್ಕೆ ಜಿಗಿಯುತ್ತದೆ. ಬರೀ ಕರ್ನಲ್ ಅಪ್‌ಡೇಟ್‌ಗೆ ಇದು ಸಾಕು, ದೊಡ್ಡ ಸರ್ವರ್‌ನ ಫರ್ಮ್‌ವೇರ್ ನಿಧಾನಕ್ಕೆ ಏಳುವವರೆಗೆ ಕಾಯುವುದೂ ತಪ್ಪುತ್ತದೆ. ಹಾರ್ಡ್‌ವೇರ್ ರೀಸೆಟ್ ಆಗುವುದಿಲ್ಲ ಅನ್ನುವುದು ನೆನಪಿರಲಿ. ಗ್ರಾಫಿಕ್ಸ್ ಕಾರ್ಡ್‌ನಂಥವು ಮುನಿಸಿಕೊಳ್ಳಬಹುದು.

ಹಂತ 6: ನಿಮಗೆ ಸಿಕ್ಕ ಉತ್ತರ ಬೇರೆಯವರಿಗೂ ಸಿಗಲಿ

ಕರ್ನಲ್ ಸೋರ್ಸ್‌ನ ಎಕ್ಸ್86 (ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳ) ವಿಭಾಗದ ರೀಬೂಟ್ ಫೈಲ್‌ನಲ್ಲಿ ಒಂದು ಪಟ್ಟಿ ಇದೆ. ಯಾವ ಮಾಡೆಲ್‌ಗೆ ಯಾವ ದಾರಿ ಬೇಕು ಅಂತ ಸಾಲಾಗಿ ಬರೆದಿರುತ್ತಾರೆ. ಬೂಟ್ ಆಗುವಾಗ ಕರ್ನಲ್ ತಾನಿರುವ ಮಾಡೆಲ್ ಆ ಪಟ್ಟಿಯಲ್ಲಿದೆಯಾ ಅಂತ ನೋಡಿ, ಇದ್ದರೆ ತಾನಾಗಿಯೇ ಆ ದಾರಿ ಹಿಡಿಯುತ್ತದೆ. ಅಲ್ಲಿರುವ ಒಂದೊಂದು ಸಾಲಿನ ಹಿಂದೆಯೂ ನಮ್ಮ ಹಾಗೇ ಪವರ್ ಬಟನ್ ಒತ್ತಿ ಹಿಡಿದ ಯಾರೋ ಇದ್ದಾರೆ.

ನಿಮ್ಮ ಮಾಡೆಲ್ ಅಲ್ಲಿಲ್ಲದಿದ್ದರೆ ತಿಳಿಸಿ. "ಸುಡೊ ಡಿಎಂಐಡಿಕೋಡ್ -ಎಸ್ ಸಿಸ್ಟಮ್-ಪ್ರಾಡಕ್ಟ್-ನೇಮ್" ಮತ್ತು "ಸುಡೊ ಡಿಎಂಐಡಿಕೋಡ್ -ಎಸ್ ಬಯಾಸ್-ವರ್ಶನ್" ಕೊಟ್ಟಾಗ ಬರುವ ಉತ್ತರ, ಕರ್ನಲ್ ಆವೃತ್ತಿ, ಯಾವ ದಾರಿ ಎಷ್ಟು ಸಲ ಕೆಲಸ ಮಾಡಿತು ಅನ್ನುವ ನಿಮ್ಮ ಹಾಳೆಯ ಲೆಕ್ಕ, ಕೊನೆಯ ಸಾಲಿನ ಫೋಟೋ ಇಷ್ಟನ್ನು ಜೋಡಿಸಿ ನಿಮ್ಮ ಡಿಸ್ಟ್ರೋದ ಬಗ್ ಟ್ರ್ಯಾಕರ್‌ಗೆ ಹಾಕಿ. ಅದಕ್ಕೂ ಮೊದಲು ಹೊಸ ಬಯಾಸ್ ಹಾಕಿ ಇನ್ನೊಂದು ಸಲ ಪರೀಕ್ಷಿಸಿ, ಯಾಕೆಂದರೆ ಅವರು ಕೇಳುವ ಮೊದಲ ಪ್ರಶ್ನೆ ಅದೇ ಆಗಿರುತ್ತದೆ.